ಘೋಟಿಯ ಹೊಸ ಅಕ್ಕಿ ಮತ್ತು ನಮ್ಮ ಪಗಾರ

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸು ಕೈಗೆ ಬರುವ ಹೊತ್ತಿನಲ್ಲಿ ಅಕ್ಕಿಯ ವಿಷಯ ಮಾತಾಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಅಕ್ಕಿ ಎಂದರೆ ನಮಗೆ ಹತ್ತಿರದ ಪೇಟೆ ಘೋಟಿ. ನಮ್ಮ ಲೋಕಲ್ ಗಾಡಿ ಕಸಾರೆಗೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಥಳ ಘಾಟ. 37 ಅಡಿ ಮುಂದೆ ಹೋದರೆ 1 ಅಡಿ ಮೇಲೇರುವ ಆ ಹಳಿಯನ್ನು 1865ರಲ್ಲಿಯೇ ತೆರೆದರು. ಅದನ್ನು ಹತ್ತಿ, ಇಗತಪುರಿ ದಾಟಿದ ಕೂಡಲೆ ಸಿಗುವುದೇ ನಾಸಿಕ ಜಿಲ್ಲೆಯ ಈ ಘೋಟಿ. ಮಳೆಗಾಲದಲ್ಲಿ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆ ಅದು. ನಮ್ಮ ಘಟ್ಟದ ಕೆಳಗಿನವರು ಅಲ್ಲಿ ಇಳಿದರೆ ಊರಿಗೇ ಬಂದೆವೋ ಎಂದುಕೊಳ್ಳಬೇಕು, ಹಾಗಿವೆ ಗದ್ದೆಗಳು.

ಆಶ್ವೀಜದಲ್ಲಿ ಆ ಪೇಟೆಯನ್ನು ನೋಡಬೇಕು. ನವರಾತ್ರಿಯಲ್ಲಿ ಕಳಸೂಬಾಯಿಯ ಬೆಟ್ಟಕ್ಕೆ ಹೋಗುವ ಜನ ಘೋಟಿಯ ಮೇಲೆಯೇ ಹಾಯುತ್ತಾರೆ. 1646 ಮೀಟರ್ ಎತ್ತರದ ಆ ಶಿಖರಕ್ಕಿಂತ ಎತ್ತರದ್ದು ಮಹಾರಾಷ್ಟ್ರದಲ್ಲಿ ಬೇರೆ ಇಲ್ಲ. ದಸರೆಗೆ ಚೆಂಡುಹೂವಿನ ರಾಶಿ, ಅದರ ಬೆನ್ನಿಗೆ ಸೌತೆ, ಹೀರೆ, ಸೋರೆ, ಟೊಮೆಟೊ. ಗುಡ್ಡದ ಹಾಡಿಗಳ ಹೆಂಗಸರು ಸಣ್ಣ ಗಂಟುಗಳಲ್ಲಿ ನಾಗಲಿ, ವರಈ, ಖುರಾಸಣಿ ತಂದು ಕೂಡುತ್ತಾರೆ. ಹೆಸರು ಕೇಳಿ ಪರದೇಶದ ಮಾಲು ಎಂದು ತಿಳಿಯಬೇಡಿರಿ. ನಾಗಲಿ ಎಂದರೆ ನಮ್ಮ ರಾಗಿ, ವರಈ ಎಂದರೆ ಸಾವೆ, ಖುರಾಸಣಿ ಎಂದರೆ ಗುರೆಳ್ಳು. ಧಾರವಾಡದ ಕಡೆಯವರು ರೊಟ್ಟಿಗೆ ಗುರೆಳ್ಳು ಚಟ್ನಿ ಬೇಕೆಂದು ಊರಿನಿಂದ ಬರುವವರ ಹಾದಿ ಕಾಯುತ್ತಾರಲ್ಲ, ಆ ಕಾಳು ಇಲ್ಲಿ ಘಾಟಿನ ತಲೆಯ ಮೇಲೆಯೇ ಹಳದಿ ಹೂ ಬಿಡುತ್ತದೆ.

ನಮ್ಮ ಕಡೆ ಸೀಗೀ ಹುಣ್ಣಿವೆಗೆ ಹೊಲಕ್ಕೆ ಚರಗ ಚೆಲ್ಲುವ ರಾತ್ರಿಯೇ ಇವರಿಗೆ ಕೋಜಾಗಿರಿ. ದೀಪಾವಳಿಯ ಮೊದಲಿನ ದ್ವಾದಶಿಯಂದು ಗುಡ್ಡದ ಆದಿವಾಸಿ ಜನ ವಾಘಬಾರಸ್ ಎಂದು ಹುಲಿಯ ಪೂಜೆ ಮಾಡುತ್ತಾರೆ. ದನ ಕಾಯುವವರಿಗೆ ಹುಲಿಯ ಸಂಗಡ ಒಪ್ಪಂದ ಬೇಕೇ ಬೇಕಲ್ಲವೆ! ಆಮೇಲೆ ಭತ್ತದ ಕೊಯಿಲು.

ಈಗ ಪೇಟೆಯ ಮಾತಿಗೆ ಬರುತ್ತೇನೆ. ಅಲ್ಲಿ ಬೆಳೆಯುವ ಭತ್ತದಲ್ಲಿ ನಮಗೆ ಪರಿಚಿತವಾದುದು ಇಂದ್ರಾಯಣಿ. ಆಂಬೆಮೋಹರ ಮತ್ತು ಐ.ಆರ್. 8 ಎಂಬ ಎರಡು ತಳಿಗಳ ಸಂಕರದಿಂದ ಬಂದು, 1987ರಲ್ಲಿ ರೈತರ ಕೈ ಸೇರಿದ ಜಾತಿ. ತಾಯಿ ತಳಿಯ ಪರಿಮಳ ಅದಕ್ಕೆ ಬಂದಿದೆ. ಇಡ್ಲಿಗೆ ಅದು ಸಲ್ಲದು, ಅನ್ನಕ್ಕೆ ಸಲ್ಲುವುದು. ಅಡಿಗೆ ಭಟ್ಟರು ಇಲ್ಲಿದ್ದಾರೆ, ಅವರೇ ಹೇಳಲಿ. ಹೊಸ ಅಕ್ಕಿ ಒದಗುವುದಿಲ್ಲ, ಮುದ್ದೆಯಾಗುತ್ತದೆ, ಒಂದೇ ಅಳತೆಯ ಅಕ್ಕಿಗೆ ಪಾತ್ರೆ ತುಂಬುವುದಿಲ್ಲ ಎಂಬುದು ಅವರ ಅನುಭವ. ಆದರೂ ದೀಪಾವಳಿ ಕಳೆದ ಕೂಡಲೆ ನಾವು ಕೊಳ್ಳುವುದು ಹೊಸ ಅಕ್ಕಿಯನ್ನೇ, ಏಕೆಂದರೆ ಬೋನಸ್ಸು ಕೈಯಲ್ಲಿರುವುದು ಆಗ.

ರೈತನು ಮಾರುವುದೂ ಆಗಲೇ. ಕೂಲಿಯವರಿಗೆ ಕೊಡಬೇಕು, ಗೊಬ್ಬರದ ಸಾಲ ತೀರಿಸಬೇಕು, ಹಬ್ಬಕ್ಕೆ ಮಕ್ಕಳಿಗೆ ಅಂಗಿ ತರಬೇಕು. ಭತ್ತ ಕಣದಲ್ಲಿ ಒಣಗುವವರೆಗೆ ಕಾಯುವ ಶಕ್ತಿ ಅವನಿಗಿಲ್ಲ. ಹಸಿ ಭತ್ತದ ಲೆಕ್ಕ ನೋಡಿರಿ. ನೂರಕ್ಕೆ 22ರಷ್ಟು ನೀರಿರುವ ಒಂದು ಕ್ವಿಂಟಲ್ ಭತ್ತ, ನೂರಕ್ಕೆ 14ಕ್ಕೆ ಒಣಗುವ ಹೊತ್ತಿಗೆ ಸುಮಾರು 91 ಕಿಲೋ ಆಗಿರುತ್ತದೆ. ಆ ಒಂಬತ್ತು ಕಿಲೋ ನೀರಿನ ಹೆಸರಿನಲ್ಲಿ ವ್ಯಾಪಾರಿಯು ದರ ಇಳಿಸುತ್ತಾನೆ. 2025-26ರ ಹಂಗಾಮಿಗೆ ಸರಕಾರವು ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,369 ರೂಪಾಯಿ ಬೆಂಬಲ ಬೆಲೆ ಕಟ್ಟಿತು. ಆದರೆ ತೇವ ನೂರಕ್ಕೆ 17 ಮೀರಿದ ಭತ್ತ ಆ ಕಾಟಾಕ್ಕೆ ಏರುವುದಿಲ್ಲ. 2019ರ ಅಕ್ಟೋಬರ್ ಕೊನೆಯಲ್ಲಿ ಅಕಾಲದ ಮಳೆ ಬಂತಲ್ಲ, ಅಂಥ ವರ್ಷ ಕೊಯ್ದ ಪೈರು ಗದ್ದೆಯಲ್ಲಿಯೇ ನೆನೆಯುತ್ತದೆ. ಅದನ್ನು ಒಣಗಿಸುವುದು ಎಲ್ಲಿ?

ವ್ಯಾಪಾರಿಯನ್ನು ರಾಕ್ಷಸನೆಂದು ಬೈಯಲು ನಾನು ನಿಂತಿಲ್ಲ. ಗೋದಾಮಿನ ಬಾಡಿಗೆ, ನುಸಿ, ಬಡ್ಡಿ ಎಲ್ಲವೂ ಅವನಿಗೂ ಉಂಟು. ಆದರೆ ದೀಪಾವಳಿಯಿಂದ ಸಂಕ್ರಾಂತಿಯ ಆಚೆಗೆ ಕಾಯುವ ತಾಕತ್ತು ಒಬ್ಬನಿಗೆ ಮಾತ್ರ ಇದ್ದರೆ, ಲಾಭವೆಲ್ಲ ಅವನ ಕಡೆಗೆ ಹರಿಯುವುದು ಸಹಜ. ಬೆಳೆದವನು ಅವಸರದಲ್ಲಿ ಮಾರುತ್ತಾನೆ, ಉಣ್ಣುವವನು ಅವಸರದಲ್ಲಿ ಕೊಳ್ಳುತ್ತಾನೆ. ಈರುಳ್ಳಿಯಲ್ಲಿಯೂ ಇದೇ ಕಥೆ. ಅದೇ ಜಿಲ್ಲೆಯ ಲಾಸಲಗಾಂವ ಕಡೆ ಬೇಸಿಗೆಯ ಈರುಳ್ಳಿಯನ್ನು ಕೂಡಿಡುವ ಕೊಟ್ಟಿಗೆಗೆ ‘ಚಾಳ’ ಎಂದೇ ಹೆಸರು. ನಮ್ಮ ಹಾಗೆ ಅದೂ ಚಾಳಿನಲ್ಲಿ ತಿಂಗಳುಗಟ್ಟಲೆ ಬೆವರಿ, ಅರ್ಧ ಕೊಳೆತು, ಉಳಿದದ್ದು ಅಕ್ಟೋಬರಿನಲ್ಲಿ ತುಟ್ಟಿಯಾಗುತ್ತದೆ.

ರೈತನಿಗೆ ಒಂದು ದಾರಿ ಇದೆ. ರಾಜ್ಯದ ಪಣನ ಮಂಡಳವು 1990ರಿಂದ ‘ಶೇತಮಾಲ ತಾರಣ’ ಎಂಬ ಯೋಜನೆ ನಡೆಸುತ್ತಿದೆ. ಬಜಾರ ಸಮಿತಿಯ ಗೋದಾಮಿನಲ್ಲಿ ಮಾಲು ಅಡವಿಟ್ಟರೆ ಬೆಲೆಯ ಮುಕ್ಕಾಲು ಪಾಲಿನವರೆಗೆ ಸಾಲ, ಆರು ತಿಂಗಳ ಅವಧಿ, ನೂರಕ್ಕೆ 6 ಬಡ್ಡಿ. ಒಳ್ಳೆಯದೇ. ಆದರೆ ನಾಲ್ಕು ಮೂಟೆಯ ರೈತನು ಗೋದಾಮಿನ ಬಾಗಿಲವರೆಗೆ ಹೋಗುವುದು ಕಷ್ಟ.

ನಮಗೂ ದಾರಿ ಇದೆ, ಅದು ಗಿರಣಿ ಕಾಮಗಾರರೇ ತೋರಿದ ದಾರಿ. 1844ರಲ್ಲಿ ಇಂಗ್ಲೆಂಡಿನ ರೋಚ್‌ಡೇಲ್ ಊರಿನಲ್ಲಿ ನೇಕಾರರೂ ಇತರ ಕಸಬಿನವರೂ ಸೇರಿ 28 ಮಂದಿ ಹಿಟ್ಟು, ಬೆಣ್ಣೆ, ಸಕ್ಕರೆಯ ಸಣ್ಣ ಅಂಗಡಿ ತೆರೆದರು. ನಮ್ಮ ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಪಾಟೀಲರು ರೈತರ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಇದೇ ಮುಂಬಯಿಯ ನಾಯಗಾಂವದಲ್ಲಿ 1948ರಲ್ಲಿ ಕಾಮಗಾರರು ಶುರು ಮಾಡಿದ ಗ್ರಾಹಕ ಸಂಸ್ಥೆಯೇ ಮುಂದೆ ಅಪನಾ ಬಜಾರ ಆಯಿತು. ಪಗಾರ ನಿಂತರೆ ಏನಾಗುತ್ತದೆಂದು 1982ರ ಜನವರಿ 18ರ ಮುಷ್ಕರ ಕಂಡ ಹಿರಿಯರಿಗೆ ಹೇಳಬೇಕಾದುದಿಲ್ಲ. ಊರಿನಲ್ಲಿ ತುಂಡು ಹೊಲವಿದ್ದವರು ಊರಿಗೆ ಹೋದರು; ಇಲ್ಲಿಯೇ ಉಳಿದವರು ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಸಿಕ್ಕಿಕೊಂಡರು. ಮನೆಯಲ್ಲಿ ಎರಡು ಮೂಟೆ ಅಕ್ಕಿ ಇರುವುದಕ್ಕೂ ಇಲ್ಲದಿರುವುದಕ್ಕೂ ಅಷ್ಟು ಅಂತರ.

ಆದ್ದರಿಂದ ಈ ಸೂಚನೆ. ಮೂವತ್ತು ಮನೆಗಳು ಸೇರಲಿ. ತಿಂಗಳಿಗೆ ಮನೆಗೆ 20 ಕಿಲೋ ಹಿಡಿದರೆ ಮೂರು ತಿಂಗಳಿಗೆ 18 ಕ್ವಿಂಟಲ್ ಅಕ್ಕಿ. ನೂರು ಕಿಲೋ ಭತ್ತಕ್ಕೆ 65-66 ಕಿಲೋ ಅಕ್ಕಿ ಇಳಿಯುತ್ತದೆಂದರೆ ಸುಮಾರು 27 ಕ್ವಿಂಟಲ್ ಒಣ ಭತ್ತ ಬೇಕು. ದೀಪಾವಳಿಗೆ ರೈತರಿಗೆ ಮೂರರಲ್ಲೊಂದು ಪಾಲು ಮುಂಗಡ ಕೊಡೋಣ, ಅವರ ಹಬ್ಬ ನಡೆಯಲಿ. ಭತ್ತ ಅವರ ಮನೆಯಲ್ಲಿಯೇ ಒಣಗಲಿ. ಸಂಕ್ರಾಂತಿ ಕಳೆದ ಮೇಲೆ ಘೋಟಿಯ ಅಕ್ಕಿ ಗಿರಣಿಯಲ್ಲಿ ನಮ್ಮ ಕಣ್ಣೆದುರಿಗೆ ಕುಟ್ಟಿಸಿ, ಒಣ ತೂಕಕ್ಕೆ ಆ ದಿನದ ಪೇಟೆ ದರದಲ್ಲಿ ಉಳಿದ ಹಣ ಎಣಿಸೋಣ. ಮುಂಗಡ ಮುಳುಗಿದರೆ ಎಂದು ಕೇಳುವಿರಿ. ಸರಿಯಾದ ಪ್ರಶ್ನೆ. ಒಬ್ಬನೇ ರೈತನಿಗೆ ಕೊಡದೆ ಏಳೆಂಟು ಮಂದಿಗೆ ಹಂಚಬೇಕು, ಕಾಗದ ಬರೆಯಿಸಬೇಕು, ಹಣ ಸಂಘದ ಖಾತೆಯಿಂದಲೇ ಹೋಗಬೇಕು. ಅಕಾಲ ಮಳೆ ಬಂದರೆ ಭತ್ತದ ಬದಲು ನಾಗಲಿಯನ್ನೋ ಗುರೆಳ್ಳನ್ನೋ ಅಷ್ಟೇ ಬೆಲೆಗೆ ಪಡೆಯುವುದೆಂದು ಕರಾರಿನಲ್ಲಿಯೇ ಇರಲಿ. ಅವು ಇಳಿಜಾರಿನ ಬೆಳೆ, ನೀರು ಅಲ್ಲಿ ನಿಲ್ಲುವುದಿಲ್ಲ.

ಹೋಟೆಲಿನಲ್ಲಿಯೇ ಉಂಡು ಮಲಗುವ ಹುಡುಗರಿಗೆ ಇದರಿಂದೇನು ಎಂದರೆ, ಅವರು ಐದು ಕಿಲೋದ ಪಾಲು ಹಿಡಿದು ಇಲ್ಲಿನ ಅಣ್ಣ ಅತ್ತಿಗೆಯರ ಮನೆಗೆ ಕೊಡಬಹುದು. ರಜೆಯ ದಿನ ಒಂದು ಊಟ ಖಾತ್ರಿ.

ಹೆಸರು ಬರೆದುಕೊಳ್ಳುವ ಪುಸ್ತಕ ಬಾಗಿಲ ಬಳಿಯ ಮೇಜಿನ ಮೇಲಿದೆ. ಘೋಟಿಗೆ ಹೋಗಿ ರೈತರನ್ನು ಕಾಣಲು ಐವರು ಬೇಕು, ಅವರಲ್ಲಿ ಇಬ್ಬರಾದರೂ ಮರಾಠಿ ಚೆನ್ನಾಗಿ ಬಲ್ಲವರಿರಲಿ, ಒಬ್ಬರು ಅಕ್ಕಿಯನ್ನು ಹಲ್ಲಿನಲ್ಲಿ ಕಚ್ಚಿ ತೇವ ಹೇಳಬಲ್ಲ ಭಟ್ಟರಿರಲಿ. ಬೆಳಗಿನ ಮೊದಲ ಕಸಾರೆ ಲೋಕಲಿಗೆ ಹೊರಡುವುದು.