ಬೂದುಬಣ್ಣದ ಸಾಕ್ಷ್ಯ



ಯಳಂದೂರಿನ ನಮ್ಮ ಮನೆಯ ನಡುಮನೆಯಲ್ಲಿ ಒಂದು ಪಟ ತೂಗುಹಾಕಿದೆ. ಅದು ನನ್ನ ತಂದೆತಾಯಿಯರ ಮದುವೆಯ ಪಟ, 1953ರದು. ಆಗ ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಯಳಂದೂರು ಮೈಸೂರಿಗೆ. ಕೆಲವೇ ಮೈಲಿಗಳ ದಾರಿಯಾದರೂ ನನ್ನ ತಾಯಿ ಕೊಳ್ಳೇಗಾಲದಿಂದ ಯಳಂದೂರಿಗೆ, ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ, ಸೊಸೆಯಾಗಿ ಬಂದಳು. 1956ರ ನವೆಂಬರ್ 1ರಂದು ಆ ಗಡಿ ಅಳಿಯಿತು. ನಾನು ಎರಡು ವರ್ಷದವನಿದ್ದಾಗ ಅವಳೂ ಅಳಿದಳು. ಆ ಪಟವೊಂದೇ ನನಗೆ ತಾಯಿ.

ಪಟ ಮೂಲದಲ್ಲಿ ಕಪ್ಪುಬಿಳುಪಿನದು. ಅದನ್ನು ದೊಡ್ಡದು ಮಾಡಿಸಿ, ಮೇಲೆ ಕೈಯಿಂದ ಬಣ್ಣ ತುಂಬಿಸಿದ್ದರು. ಆ ಕಾಲದ ರೂಢಿಯೇ ಅದು. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ತೆಳುವಾದ ಬಣ್ಣದಲ್ಲಿ ಅದ್ದಿ, ಕೆನ್ನೆಗೆ, ತುಟಿಗೆ, ಸೀರೆಗೆ ಸವರುತ್ತಿದ್ದರು. ಬಣ್ಣ ಪಾರದರ್ಶಕವಾದ್ದರಿಂದ ಕೆಳಗಿನ ಬೆಳ್ಳಿಯ ಕಣಗಳ ಚಿತ್ರ ಹಾಗೆಯೇ ಕಾಣುತ್ತಿತ್ತು. ನಮ್ಮ ಪಟದಲ್ಲಿ ತಾಯಿಯ ಮುಖ ತಾವರೆಯಂತೆ ಗುಲಾಬಿಯಾಗಿದೆ. ನಮ್ಮ ಮನೆಯಲ್ಲಿ ಬಂದವರೆಲ್ಲ, 'ಎಂಥ ಬಿಳುಪು!' ಎನ್ನುತ್ತಿದ್ದರು. ಅನಂತರ ಪಕ್ಕದಲ್ಲಿ ನಿಂತ ನನ್ನ ಮಗಳ ಕಡೆ ತಿರುಗಿ, 'ಇವಳು ಯಾರನ್ನು ಹೋತಳೋ' ಎನ್ನುತ್ತಿದ್ದರು. ನನ್ನ ಮಗಳದು ಕಪ್ಪು ಮೈ.

ನಿವೃತ್ತನಾದ ಮೇಲೆ ನಾನು ಕಂಪ್ಯೂಟರಿನಲ್ಲಿ ಪಟಗಳಿಗೆ ಬಣ್ಣ ತುಂಬುವುದನ್ನು ಕಲಿತೆ. ವಿಧಾನ ಕಷ್ಟದ್ದಲ್ಲ, ತಾಳ್ಮೆಯದು. ಮೊದಲು ಮೂಲ ಪಟವನ್ನು ಸ್ಕ್ಯಾನ್ ಮಾಡಬೇಕು; ಅಂಗುಲಕ್ಕೆ 600 ಚುಕ್ಕೆಗಳಿದ್ದರೆ ಸಣ್ಣ ಪಟಕ್ಕೆ ಸಾಕು. ಅದರ ಮೇಲೆ ಗಾಜಿನ ಹಾಳೆ ಹೊದಿಸಿದಂತೆ ಪದರಗಳನ್ನು ಹಾಕಬೇಕು: ಮೈಗೊಂದು, ಸೀರೆಗೊಂದು, ಹೂವಿಗೊಂದು. ಈ ಪದರಗಳಿಗೆ 'ಕಲರ್' ಎಂಬ ಒಂದು ಗುಣವನ್ನು ಕೊಡಬಹುದು. ಆಗ ಮೇಲಿನ ಪದರ ಬಣ್ಣವನ್ನಷ್ಟೇ ಕೊಡುತ್ತದೆ. ಬೆಳಕು ನೆರಳು ಕೆಳಗಿನ ಪಟದ್ದೇ ಉಳಿಯುತ್ತದೆ. ಸೀರೆಯ ಮಡಿಕೆ ಮಡಿಕೆಯಾಗಿಯೇ ಇರುತ್ತದೆ. ಹತ್ತಿಯ ಕಡ್ಡಿಯವರು ಮಾಡಿದ್ದೂ ಇದನ್ನೇ. ಒಂದು ಭೇದವೆಂದರೆ, ಇಲ್ಲಿ ತಪ್ಪಿದರೆ ಪದರವನ್ನು ತೆಗೆದುಹಾಕಬಹುದು, ಮೂಲಕ್ಕೆ ಕುಂದಿಲ್ಲ.

ಆದರೆ ಯಾವ ಬಣ್ಣ? ಇದೇ ಪ್ರಶ್ನೆ. ಬೂದು ತನ್ನೊಳಗೆ ಬಣ್ಣವನ್ನು ಬಚ್ಚಿಟ್ಟುಕೊಂಡಿರುವುದಿಲ್ಲ. ಗಾಢವಾದ ಕೆಂಪೂ ಗಾಢವಾದ ಹಸಿರೂ ಪಟದಲ್ಲಿ ಒಂದೇ ಬೂದಾಗಿ ಬೀಳಬಹುದು. ಹಳೆಯ ಕಾಲದ ಎಷ್ಟೋ ಫಲಕಗಳು ಕೆಂಪಿಗೆ ಕುರುಡಾಗಿದ್ದವು; ಅವುಗಳಲ್ಲಿ ಹಣೆಯ ಕುಂಕುಮ ಕಾಡಿಗೆಯಂತೆ ಕಪ್ಪಾಗಿ ಮೂಡುತ್ತಿತ್ತು. ಈಗ ಯಂತ್ರವೇ ಬಣ್ಣ ಹಾಕಿಕೊಡುತ್ತದೆ. 2016ರಲ್ಲಿ ಬರ್ಕ್ಲಿಯ ರಿಚರ್ಡ್ ಜಾಂಗ್ ಮತ್ತು ಸಂಗಡಿಗರು ಹತ್ತು ಲಕ್ಷಕ್ಕೂ ಮಿಕ್ಕ ಬಣ್ಣದ ಪಟಗಳನ್ನು ಯಂತ್ರಕ್ಕೆ ತೋರಿಸಿ, ಬೂದನ್ನು ಕಂಡು ಬಣ್ಣವನ್ನು ಊಹಿಸಲು ಕಲಿಸಿದರು. ಊಹೆ ನಂಬುವಂತಿರುತ್ತದೆ, ಆದರೆ ಅದು ನೆನಪಲ್ಲ.

ಚಲನಚಿತ್ರಗಳಲ್ಲಿಯೂ ಇದು ನಡೆದಿದೆ. ರಾಜ್‌ಕುಮಾರ್ ಅವರು, ತಂದೆಯ ಕಡೆಯಿಂದ ನಮ್ಮ ಸೀಮೆಯ ಸಿಂಗಾನಲ್ಲೂರಿನವರು, ನಟಿಸಿದ 1965ರ 'ಸತ್ಯ ಹರಿಶ್ಚಂದ್ರ' 2008ರಲ್ಲಿಯೂ, 1971ರ 'ಕಸ್ತೂರಿ ನಿವಾಸ' 2014ರಲ್ಲಿಯೂ ಬಣ್ಣ ತಾಳಿ ಮತ್ತೆ ತೆರೆಗೆ ಬಂದವು. ಜನ ಸಂತೋಷದಿಂದ ನೋಡಿದರು. ಹರಿಶ್ಚಂದ್ರನ ಉಡುಪಿಗೆ ಯಾವ ಬಣ್ಣವಾದರೂ ಸಂದೀತು. ತಾಯಿಯ ಮುಖಕ್ಕೆ ಹಾಗಲ್ಲ.

ಹನೂರಿನಲ್ಲಿ ನನ್ನ ಸೋದರತ್ತೆ ಇದ್ದಾರೆ. ಆ ಮದುವೆಯಲ್ಲಿ ಹನ್ನೆರಡು ವರ್ಷದ ಹುಡುಗಿ. ಅವರ ಟ್ರಂಕಿನಲ್ಲಿ ಬಣ್ಣ ಕಾಣದ ಮೂಲ ಪಟ, ಅಂಗೈಯಗಲದ್ದು, ಸಿಕ್ಕಿತು. ಅದರಲ್ಲಿ ತಾಯಿಯ ಮುಖ ನಡುಮನೆಯ ಪಟದ್ದಕ್ಕಿಂತ ಎಷ್ಟೋ ಗಾಢ. ಮುಖವನ್ನು ಬೆಳ್ಳಗೆ ಮಾಡಬೇಕಾದರೆ ತೆಳುಬಣ್ಣ ಸಾಲದು, ಬೆಳಕನ್ನೇ ಕದಲಿಸಬೇಕು. ಯಾರೋ ಅದನ್ನು ಮಾಡಿದ್ದರು. ದ್ವೇಷದಿಂದಲ್ಲ, ಮದುಮಗಳಿಗೆ ಉಪಕಾರವೆಂದೇ.

ಆದರೂ ಬೂದನ್ನೊಂದೇ ನಂಬುವಂತಿರಲಿಲ್ಲ. ಫಲಕವೂ ಕೆಂಪು ಕಾಣದೆ ಮುಖವನ್ನು ಕಪ್ಪಾಗಿಸಿರಬಹುದು. ಕಂಪ್ಯೂಟರನ್ನು ಹನೂರಿಗೆ ಒಯ್ದು ಅತ್ತೆಯ ಮುಂದಿಟ್ಟೆ. ಮೊದಲು ಗೋಧಿಯ ಬಣ್ಣ ಹಾಕಿದೆ.

"ಇಲ್ಲ ಕಣಪ್ಪ, ಅತ್ತಿಗೆ ಇಷ್ಟು ಬೆಳ್ಳಗಿರಲಿಲ್ಲ" ಎಂದರು. ಇನ್ನಷ್ಟು ಗಾಢ ಮಾಡಿದೆ. ಹತ್ತಿರ ಬಂದು ನೋಡಿದರು. "ಎಣ್ಣೆಗೆಂಪು. ಇನ್ನೂ ಒಂಚೂರು. ಹಾಂ, ಅಲ್ಲಿ ನಿಲ್ಲಿಸು." ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಮಗಳದೇ ಬಣ್ಣ, ಗೊತ್ತಿರಲಿಲ್ಲವೇ?" ಎಂದರು.

ನನಗೆ ಗೊತ್ತಿರಲಿಲ್ಲ. ಆರು ದಶಕ ನಾನು ಬೇರೆ ಯಾರನ್ನೋ ನೋಡುತ್ತಿದ್ದೆ.

ಸೀರೆಯ ವಿಷಯದಲ್ಲಿ ಒಮ್ಮತ ಬರಲಿಲ್ಲ. ಅತ್ತೆ ಕುಂಕುಮದ ಕೆಂಪು ಎಂದರು. ಕೊಳ್ಳೇಗಾಲದ ಚಿಕ್ಕಮ್ಮ, ಅಲ್ಲಿಯ ಮಗ್ಗದಲ್ಲೇ ನೇಯಿಸಿದ್ದು, ಗಿಳಿಹಸಿರು ಎಂದರು. ಇಬ್ಬರೂ ಕಣ್ಣಾರೆ ಕಂಡವರೇ. ನಾನು ಸೀರೆಯನ್ನು ಬೂದಾಗಿಯೇ ಬಿಟ್ಟೆ. ಸಾಕ್ಷ್ಯವಿದ್ದಲ್ಲಿ ಬಣ್ಣ, ಇಲ್ಲದಲ್ಲಿ ಬೂದು. ಈ ಕೆಲಸಕ್ಕೆ ಇದಕ್ಕಿಂತ ಬೇರೆ ಧರ್ಮ ನನಗೆ ತೋರುವುದಿಲ್ಲ.

ಹಳೆಯ ಪಟವನ್ನು ನಾನು ತೆಗೆದಿಲ್ಲ. ಅದರ ಪಕ್ಕದಲ್ಲಿ ಹೊಸದನ್ನು ತೂಗುಹಾಕಿದ್ದೇನೆ. ಮೊನ್ನೆ ಊರಿಗೆ ಬಂದ ಮಗಳು ಅದರ ಮುಂದೆ ಬಹಳ ಹೊತ್ತು ನಿಂತಿದ್ದಳು. ಯಾರನ್ನು ಹೋತಳೆಂದು ಈಗ ಯಾರೂ ಕೇಳುವುದಿಲ್ಲ.