ಬಡಗಿಯ ಮನೆಯಲ್ಲಿ ಬೆಳೆದ ಮಗ

ಮೇ 1, ಕಾರ್ಮಿಕ ಸಂತ ಜೋಸೆಫರ ಹಬ್ಬದ ಪ್ರಬೋಧನೆ



ಇಂದು ನಾವು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವನ್ನು ಕೊಂಡಾಡುತ್ತಿದ್ದೇವೆ. ಲೋಕವೆಲ್ಲ ಕಾರ್ಮಿಕರ ದಿನವೆಂದು ಆಚರಿಸುವ ಮೇ 1ನ್ನು 1955ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್‌ರವರು ಸಂತ ಜೋಸೆಫರ ಹೆಸರಿಗೆ ಒಪ್ಪಿಸಿದರು. ನಮ್ಮ ರಾಜ್ಯದಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬರುವುದೂ ಹೆಚ್ಚುಕಡಿಮೆ ಈ ಹಬ್ಬದ ಆಸುಪಾಸಿನಲ್ಲೇ. ಹಾಗಾಗಿ ಈ ಬಲಿಪೂಜೆಯಲ್ಲಿ ಕುಳಿತಿರುವ ಎಷ್ಟೋ ತಾಯಂದಿರ ಕೈ ಜಪಮಾಲೆಯ ಮೇಲಿದ್ದರೂ ಮನಸ್ಸು ಮಗನ ಅಂಕಪಟ್ಟಿಯ ಮೇಲಿದೆ ಎಂಬುದು ನಮಗೆ ಗೊತ್ತು. ಅದರಲ್ಲಿ ತಪ್ಪೇನೂ ಇಲ್ಲ. ಇಂದು ಅದನ್ನೇ ಮಾತನಾಡೋಣ.

ಶುಭಸಂದೇಶದಲ್ಲಿ ಕೇಳಿದೆವಲ್ಲ, ಯೇಸುಸ್ವಾಮಿ ತಮ್ಮೂರಿನ ಪ್ರಾರ್ಥನಾಮಂದಿರದಲ್ಲಿ ಬೋಧಿಸಿದಾಗ ಜನ ಬೆರಗಾದರು. ಬೆರಗಾದ ಮರುಗಳಿಗೆಯಲ್ಲೇ, ಇವನು ಆ ಬಡಗಿಯ ಮಗನಲ್ಲವೇ ಎಂದು ಮೂಗು ಮುರಿದರು. ದುಡಿದು ತಿನ್ನುವ ಕಸುಬು ಅವರಿಗೆ ಹೀಯಾಳಿಸುವ ಮಾತಾಯಿತು. ನಮ್ಮಲ್ಲೇನು ಬೇರೆಯೇ? ಮದುವೆ ಮನೆಯಲ್ಲಿ ಪಕ್ಕದ ಎಲೆಯವರು, "ಮಗ ಏನು ತಗೊಂಡ?" ಎಂದು ಕೇಳುತ್ತಾರೆ. "ಸೈನ್ಸ್" ಎಂದರೆ ಮುಖ ಅರಳುತ್ತದೆ. "ಐಟಿಐ" ಎಂದರೆ, "ಓ, ಹೌದಾ" ಎಂದು ಸಾಂಬಾರಿನ ಕಡೆ ತಿರುಗುತ್ತಾರೆ. ಆ ಒಂದು "ಓ, ಹೌದಾ"ಗೆ ಹೆದರಿ ಎಷ್ಟು ಮನೆಗಳಲ್ಲಿ ಮಕ್ಕಳ ದಾರಿ ನಿರ್ಧಾರವಾಗಿಬಿಟ್ಟಿದೆ!

ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ, ಗಣಿತವೆಂದರೆ ನಡುಗುವ ಮಗುವನ್ನು ಸಾಲ ಮಾಡಿ ಮೈಸೂರಿನ ಹಾಸ್ಟೆಲಿಗೆ ಹಾಕಿ ವಿಜ್ಞಾನಕ್ಕೆ ಸೇರಿಸುತ್ತಾರೆ. ಮೊದಲ ದಿನದಿಂದಲೇ ಪಾಠ ಇಂಗ್ಲಿಷಿನಲ್ಲಿ. ದಸರಾ ರಜೆಗೆ ಊರಿಗೆ ಬಂದವನು ಮತ್ತೆ ಹೋಗುವುದಿಲ್ಲ ಎಂದು ಬಾಗಿಲ ಮೂಲೆ ಹಿಡಿದು ಕೂರುತ್ತಾನೆ. ಆಗ ಸೋಮಾರಿ ಎಂಬ ಬಿರುದು. ಅಂಥ ಮಕ್ಕಳೊಡನೆ ಕೂತು ಮಾತನಾಡಿದಾಗ ನಮಗೆ ತಿಳಿದದ್ದು ಇಷ್ಟೇ: ಸೇರುವ ಮುಂಚೆ ಅವನನ್ನು ಯಾರೂ ಕೇಳಿರಲಿಲ್ಲ.

ವಿಜ್ಞಾನ ಬೇಡವೆಂದು ನಾವು ಹೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಚಾಮರಾಜನಗರದಲ್ಲೇ 2007ರಿಂದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ, 2016ರಿಂದ ವೈದ್ಯಕೀಯ ಕಾಲೇಜು ಇದೆ. 1997ರಲ್ಲಿ ಜಿಲ್ಲೆಯಾದಾಗ ಇವೆರಡೂ ಇರಲಿಲ್ಲ. ಓದುವ ಹಂಬಲವಿರುವ ಕೂಲಿಯವರ ಮಗಳು ಅಲ್ಲಿ ಕೂರಬೇಕು ಎಂಬುದೇ ನಮ್ಮ ಆಸೆ. ಮಗಳನ್ನು ನರ್ಸಿಂಗ್ ಪದವಿಗೆ ಕಳಿಸುವ ಆಸೆ ನಮ್ಮ ಕುಟುಂಬಗಳಲ್ಲಿ ಬಹಳ. ಅದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಹತ್ತಿರದ ಕಾಲೇಜೆಂದು ಕಾಮರ್ಸಿಗೆ ಸೇರಿಸಿ ಎರಡು ವರ್ಷದ ನಂತರ ಬಂದು ಕೇಳಿದರೆ ಯಾರೂ ಏನೂ ಮಾಡಲಾಗುವುದಿಲ್ಲ. ಮುಂದೆ ಎಲ್ಲಿಗೆ ಹೋಗಬೇಕೆಂದು ನೋಡಿಕೊಂಡು ಇಂದು ಬಸ್ಸು ಹತ್ತಬೇಕು.

ಇನ್ನೊಂದು ಕಡೆ ಗುಂಡ್ಲುಪೇಟೆಯ ನಮ್ಮ ಹಳ್ಳಿಗಳನ್ನು ನೋಡಿ. ಅಲ್ಲಿ ಪ್ರತಿಷ್ಠೆಯ ಕಾಟವಿಲ್ಲ, ಕೂಲಿಯ ಸೆಳೆತವಿದೆ. ಜೂನ್ ತಿಂಗಳಲ್ಲಿ ಕಾಲೇಜು ಬಾಗಿಲು ತೆರೆಯುವ ಹೊತ್ತಿಗೇ ಚೆಂಡು ಹೂ ಬಿಡಿಸುವ ಕೆಲಸ ಶುರುವಾಗುತ್ತದೆ. ಕೇರಳದಿಂದ ಬಂದವರು ರಸ್ತೆಬದಿ ಕಾರು ನಿಲ್ಲಿಸಿ ಆ ಹಳದಿ ಹೊಲದಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ಹೂ ಬಿಡಿಸುವ ಕೈ ಯಾರದೆಂದು ಫೋಟೋದಲ್ಲಿ ಕಾಣುವುದಿಲ್ಲ. ಆಮೇಲೆ ಶುಂಠಿ ಕೆಲಸ, ಕಾಫಿ ತೋಟ. ವಯನಾಡಿಗೆ, ಕೊಡಗಿಗೆ ಜೀಪು ಹತ್ತುವ ಹುಡುಗರು. "ಒಂದು ವರ್ಷ ದುಡೀಲಿ ಬುಡಿ ಫಾದರ್, ಬರೋ ವರ್ಷ ಸೇರ್ಸನ" ಎನ್ನುತ್ತಾರೆ ಅಪ್ಪಂದಿರು. ಮನೆಯ ಕಷ್ಟ ಅವರಿಗೆ ಗೊತ್ತು, ಅವರನ್ನು ಬೈಯುವ ಮನಸ್ಸು ನಮಗಿಲ್ಲ. ಆದರೆ ಹದಿನಾರರ ಹುಡುಗನ ಜೇಬಿಗೆ ವಾರದ ಬಟವಾಡೆ ಬಿದ್ದ ಮೇಲೆ, ಮೊಬೈಲು ಬಂದ ಮೇಲೆ, ಬೈಕಿನ ಕಂತು ಶುರುವಾದ ಮೇಲೆ, ಬೆಂಚಿನ ಮೇಲೆ ಹೋಗಿ ಕೂರುವುದು ಬಹಳ ಕಷ್ಟ. ಬರುವ ವರ್ಷ ಎನ್ನುವುದು ಬರುವುದೇ ಅಪರೂಪ. ಕಲ್ಲು ಕ್ವಾರಿಯಂಥ ಅಪಾಯದ ಕೆಲಸಕ್ಕಂತೂ ಹದಿನೆಂಟು ತುಂಬದವರನ್ನು ಕಳಿಸಬಾರದೆಂದು ಕಾನೂನೇ ಇದೆ.

ಹುಡುಗರು ಇದಕ್ಕೂ ಒಂದು ಉತ್ತರ ಇಟ್ಟುಕೊಂಡಿರುತ್ತಾರೆ: "ಅಣ್ಣಾವ್ರು ಎಷ್ಟು ಓದಿದ್ರು ಫಾದರ್?" ನಮ್ಮ ನೆಲದ ಡಾ. ರಾಜ್‌ಕುಮಾರ್ ಶಾಲೆ ಬಿಟ್ಟದ್ದು ನಿಜ. ಆದರೆ ಬಿಟ್ಟು ಕಟ್ಟೆಯ ಮೇಲೆ ಕೂತರೇ? ತಂದೆ ಪುಟ್ಟಸ್ವಾಮಯ್ಯನವರ ಜೊತೆ ನಾಟಕ ಕಂಪನಿ ಸೇರಿದರು. ಅಲ್ಲಿ ಹಾಡು, ಮಾತು, ನಡೆ ಕಲಿತರು. 'ಬೇಡರ ಕಣ್ಣಪ್ಪ' ಬಂದ 1954ರಲ್ಲಿ ಅವರಿಗೆ 25 ವರ್ಷ. ಅಷ್ಟು ದೀರ್ಘ ಕಾಲದ ಕಲಿಕೆ ಯಾವ ಡಿಪ್ಲೊಮಾದಲ್ಲೂ ಇಲ್ಲ!

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ, "ದೂರ, ಬಸ್ಸು ಖರ್ಚು" ಎಂಬ ಮಾತು ಈಗ ನಿಲ್ಲುವುದಿಲ್ಲ. 2023ರ ಜೂನ್‌ನಿಂದ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಹಣವಿಲ್ಲ. ನಿಜವಾದ ಕಾರಣ ಒಂದು ಒಳ್ಳೆಯ ಸಂಬಂಧ ಬಂದಿರುವುದು ಎಂದಾದರೆ, ಹದಿನೆಂಟರ ಒಳಗೆ ಆ ಮದುವೆ ಅಪರಾಧ. ಈ ದೇವಾಲಯದಲ್ಲಿ ಅದು ನಡೆಯುವುದಿಲ್ಲ.

ಈಗ ಮತ್ತೆ ನಜರೇತಿನ ಆ ಮನೆಗೆ ಹೋಗೋಣ. ಜೋಸೆಫರು ಆಡಿದ ಒಂದು ಮಾತೂ ಶುಭಸಂದೇಶಗಳಲ್ಲಿ ಇಲ್ಲ. ಹನ್ನೆರಡು ವರ್ಷದ ಮಗ ಕಾಣೆಯಾಗಿ, ಮೂರು ದಿನ ಹುಡುಕಿ, ಜೆರುಸಲೇಮಿನ ಮಹಾದೇವಾಲಯದಲ್ಲಿ ಸಿಕ್ಕಾಗಲೂ ಮಾತನಾಡಿದವರು ಮಾತೆ ಮರಿಯಮ್ಮನವರು. ಮಗ ಕೊಟ್ಟ ಉತ್ತರ ಇಬ್ಬರಿಗೂ ಅರ್ಥವಾಗಲಿಲ್ಲವೆಂದು ಲೂಕರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ನಮಗೆ ಇದು ಬಹಳ ಸಮಾಧಾನದ ಮಾತು. ಪವಿತ್ರ ಕುಟುಂಬದಲ್ಲೇ ಹದಿಹರೆಯಕ್ಕೆ ಕಾಲಿಡುವ ಮಗ ತಂದೆತಾಯಿಗೆ ಅರ್ಥವಾಗದೆ ಹೋದ ಮೇಲೆ, ನಿಮ್ಮ ಮನೆಯಲ್ಲಿ ಅರ್ಥವಾಗದಿದ್ದರೆ ಅಳಬೇಕಾಗಿಲ್ಲ. ಅರ್ಥವಾಗದಿದ್ದರೂ ಅವರು ಮಗನನ್ನು ಜೊತೆಗೆ ಕರೆದುಕೊಂಡು ಊರಿಗೆ ಹೋದರು. ಮುಂದೆ ಮಾರ್ಕರ ಶುಭಸಂದೇಶದಲ್ಲಿ ಜನ ಯೇಸುವನ್ನೇ ಬಡಗಿ ಎಂದು ಕರೆಯುತ್ತಾರೆ. ಅಂದರೆ ಉಳಿ, ಕೊಡತಿ ಹಿಡಿಯುವುದನ್ನು ಆ ತಂದೆ ಪಕ್ಕದಲ್ಲಿ ನಿಂತು ಕಲಿಸಿದ್ದರು. ಕಸುಬು ಕಲಿಸಿದರು, ಕಸುಬಿಗೆ ಕಟ್ಟಿಹಾಕಲಿಲ್ಲ. ಜಗದ್ಗುರು ಫ್ರಾನ್ಸಿಸ್‌ರವರು 2020ರ ಡಿಸೆಂಬರ್ 8ರಂದು ಸಂತ ಜೋಸೆಫರ ಬಗ್ಗೆ ಬರೆದ ಪತ್ರದಲ್ಲಿ, ಮಕ್ಕಳನ್ನು ಸ್ವತ್ತಿನಂತೆ ಹಿಡಿದಿಡದೆ ತಾವೇ ತೀರ್ಮಾನಿಸುವಂತೆ ಬೆಳೆಸುವುದನ್ನೇ ತಂದೆತನವೆಂದು ಕಂಡಿದ್ದಾರೆ.

ಹಾಗಾದರೆ ಈ ವಾರ ಮನೆಯಲ್ಲಿ ಏನು ಮಾಡಬೇಕು? ಊಟವಾದ ಮೇಲೆ ಟಿವಿ ಆರಿಸಿ ಮಗುವಿನ ಜೊತೆ ಕೂತುಕೊಳ್ಳಿ. "ಏನಾಗ್ತೀಯ?" ಎಂದು ಕೇಳಬೇಡಿ. ಆ ಪ್ರಶ್ನೆಗೆ ಹದಿನಾರರಲ್ಲಿ ಯಾರ ಬಳಿಯೂ ಉತ್ತರವಿರುವುದಿಲ್ಲ. ಯಾವ ಪಾಠ ಕೇಳುತ್ತಾ ಹೊತ್ತು ಹೋದದ್ದು ತಿಳಿಯಲಿಲ್ಲ, ಯಾವ ಕೆಲಸ ಹೇಳದೆಯೇ ಮಾಡುತ್ತಾನೆ, ಇದನ್ನು ಕೇಳಿ, ಗಮನಿಸಿ. ಮನೆಯ ಮಿಕ್ಸಿ ಬಿಚ್ಚಿ ಜೋಡಿಸುವ ಹುಡುಗನ ಕೈಯನ್ನು ನೀವು ದಿನಾ ನೋಡಿದ್ದೀರಿ, ಅಂಕಪಟ್ಟಿ ನೋಡಿಲ್ಲ. ಅಂಥವನಿಗೆ ಎರಡು ವರ್ಷದ ಎಲೆಕ್ಟ್ರಿಷಿಯನ್ ಅಥವಾ ಫಿಟ್ಟರ್ ಐಟಿಐ ಇದೆ. ಮೈಸೂರಿನ ರೈಲ್ವೆ ಕಾರ್ಯಾಗಾರ ಐಟಿಐ ಮುಗಿಸಿದವರನ್ನು ಅಪ್ರೆಂಟಿಸ್‌ಗಳಾಗಿ ತೆಗೆದುಕೊಳ್ಳುತ್ತದೆ. ಇನ್ನೂ ಓದುವ ಮನಸ್ಸಿದ್ದರೆ ಅಲ್ಲಿಂದ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರುವ ಅವಕಾಶವಿದೆ. ಡಿಪ್ಲೊಮಾ ಮುಗಿಸಿ ಪ್ರವೇಶ ಪರೀಕ್ಷೆ ಬರೆದರೆ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಹೋಗಬಹುದು. ಮದುವೆ ಮನೆಯ "ಓ, ಹೌದಾ" ಅಲ್ಲಿಗೆ ಬರುವ ಹೊತ್ತಿಗೆ ನಿಂತಿರುತ್ತದೆ.

ನಪಾಸಾದ ಮಕ್ಕಳಿಗೆ ಒಂದು ಮಾತು. 2024ರಿಂದ ಪೂರಕ ಪರೀಕ್ಷೆ ಎಂಬ ಹೆಸರೇ ಹೋಗಿದೆ. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಹೋದ ವಿಷಯ ಬರೆದು ಅದೇ ವರ್ಷ ಮುಂದಕ್ಕೆ ಹೋಗಬಹುದು. ತಂದೆತಾಯಿಯರೇ, ಫಲಿತಾಂಶ ಬಂದ ರಾತ್ರಿ ಆ ಮಗುವನ್ನು ಒಂಟಿಯಾಗಿ ಬಿಡಬೇಡಿ, ಪಕ್ಕದ ಮನೆಯ ಮಗುವಿನ ಅಂಕ ಎತ್ತಬೇಡಿ, ಅನ್ನ ಹಾಕಿ ಜೊತೆಯಲ್ಲೇ ಊಟ ಮಾಡಿ.

ಬರುವ ಭಾನುವಾರ ಎರಡನೇ ಬಲಿಪೂಜೆಯಾದ ಮೇಲೆ ಸಭಾಂಗಣದಲ್ಲಿ ನಮ್ಮ ಧರ್ಮಕೇಂದ್ರದ ಇಬ್ಬರು ಅಧ್ಯಾಪಕರು, ಒಬ್ಬ ನರ್ಸ್, ಐಟಿಐ ಕಲಿತು ಕೆಲಸದಲ್ಲಿರುವ ಒಬ್ಬ ಯುವಕ ಕೂರುತ್ತಾರೆ. ನಾವೂ ಇರುತ್ತೇವೆ. ಅಂಕಪಟ್ಟಿ, ಆಧಾರ್, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ ತನ್ನಿ. ವಿದ್ಯಾರ್ಥಿವೇತನದ ಅರ್ಜಿಗೂ ಅವು ಬೇಕಾಗುತ್ತವೆ. ಗುಂಡ್ಲುಪೇಟೆ ಕಡೆಯವರು ಬಸ್ಸು ಹಿಡಿದು ಬರುವವರೆಗೆ ಕಾಯುತ್ತೇವೆ. ಮಗುವನ್ನು ಮನೆಯಲ್ಲಿ ಬಿಟ್ಟು ನೀವೊಬ್ಬರೇ ಮಾತ್ರ ಬರಬೇಡಿ.