ಮಿದುಳನ್ನು ತೂಗುವ ಎರಡು ತಕ್ಕಡಿ



ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು, ವೈದ್ಯನಲ್ಲ. ನಮ್ಮ ದೊಡ್ಡಪ್ಪನ ಬಲಗೈ ಸೋಲತೊಡಗಿದ್ದು ಮೋಟಾರ್ ನ್ಯೂರಾನ್ ಕಾಯಿಲೆಯಿಂದ ಎಂದು ತಿಳಿಯುವಷ್ಟರಲ್ಲಿ ಒಂದೂವರೆ ವರ್ಷ ಕಳೆದಿತ್ತು. ಆಗ ಓದಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಕಾಂತಕ್ಷೇತ್ರ ಬದಲಾದರೆ ವಿದ್ಯುತ್ ಹುಟ್ಟುತ್ತದೆ ಎಂಬ ಫ್ಯಾರಡೆಯ ಪಾಠ ನಮಗೆಲ್ಲ ಇದೇ ಶಾಲೆಯಲ್ಲಿ ಆಗಿದೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಅದೇ ತತ್ವದಿಂದ, ತಲೆಬುರುಡೆ ತೆರೆಯದೆ, ನೋವಿಲ್ಲದೆ ಮಿದುಳನ್ನು ಪ್ರಚೋದಿಸಿದರು. ತಲೆಯ ಮೇಲೆ ತಂತಿಯ ಸುರುಳಿ ಹಿಡಿದು ಕ್ಷಣಮಾತ್ರ ಕಾಂತದ ಹೊಡೆತ ಕೊಟ್ಟರೆ ಕೈಬೆರಳು ಮಿಡುಕುತ್ತದೆ. ಎಷ್ಟು ಸುಲಭವಾಗಿ ಮಿಡುಕಿತು ಎಂಬುದರಿಂದ ಮಿದುಳಿನ ಹೊರಪದರ ಎಷ್ಟು ಚುರುಕಾಗಿ ಕೆರಳುತ್ತದೆಂದು ಗೊತ್ತಾಗುತ್ತದೆ.

ತೊಡಕು ಇಲ್ಲಿದೆ. ಒಂದೇ ಬಲದ ಹತ್ತು ಹೊಡೆತಕ್ಕೆ ಹತ್ತು ಬಗೆಯ ಉತ್ತರ! ಹಳೆಯ ವಿಧಾನದಲ್ಲಿ ಬಲವನ್ನು ಬದಲಿಸದೆ ಉತ್ತರಗಳ ಸರಾಸರಿ ತೆಗೆಯುತ್ತಾರೆ. ಸ್ಪ್ರಿಂಗ್ ತಕ್ಕಡಿಯ ಮುಳ್ಳು ಕುಣಿಯುತ್ತಿರುವಾಗಲೇ ತೂಕ ಓದಿದ ಹಾಗೆ. ಇನ್ನೊಂದು ವಿಧಾನ ಎರಡು ತಟ್ಟೆಯ ತಕ್ಕಡಿ. ಉತ್ತರ ಇಷ್ಟೇ ಬರಬೇಕು, ಸಾಮಾನ್ಯವಾಗಿ 0.2 ಮಿಲಿವೋಲ್ಟ್, ಎಂದು ಮೊದಲೇ ನಿಶ್ಚಯಿಸಿ, ಅದು ಬರುವ ತನಕ ಕಂಪ್ಯೂಟರ್ ಬಲವನ್ನು ಏರಿಸಿ ಇಳಿಸುತ್ತದೆ, ಕಲ್ಲು ಹಾಕಿ ತೆಗೆದಂತೆ. ಪ್ರೋಗ್ರಾಂ ಬರೆಯುವ ನನಗೆ ಇದೇ ಇಷ್ಟ.

ದೊಡ್ಡ ಹೊಡೆತಕ್ಕೆ ಎರಡು ಮೂರು ಮಿಲಿಸೆಕೆಂಡ್ ಮೊದಲು ಒಂದು ಸಣ್ಣ ಹೊಡೆತ ಕೊಟ್ಟರೆ ಆರೋಗ್ಯವಂತರ ಮಿದುಳು ತನ್ನನ್ನು ತಾನೇ ತಡೆದುಕೊಳ್ಳುತ್ತದೆ, ಉತ್ತರ ಕುಗ್ಗುತ್ತದೆ. ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಈ ತಡೆ ಸಡಿಲವಾಗುವುದನ್ನು ಸಿಡ್ನಿಯ ನರವೈದ್ಯರು ಎರಡನೇ ತಕ್ಕಡಿಯಿಂದಲೇ ತೋರಿಸಿದರು. ಕಾಯಿಲೆಯನ್ನು ಬೇಗ ಗುರುತಿಸಲು ಇದು ನೆರವಾಗಬಲ್ಲದು, ಆದರೆ ಇದೊಂದನ್ನೇ ನಂಬಿ ತೀರ್ಮಾನಿಸುವಂತಿಲ್ಲ. ಕೈಯನ್ನು ಕೊಂಚ ಬಿಗಿಹಿಡಿದರೂ ಅಳತೆ ಬದಲಾಗುತ್ತದೆ.

ದೊಡ್ಡಪ್ಪನಿಗೆ ಈ ಪರೀಕ್ಷೆ ಆಗಲಿಲ್ಲ. ಆಗಿದ್ದರೂ ಕಾಯಿಲೆ ವಾಸಿಯಾಗುತ್ತಿರಲಿಲ್ಲ. ಆದರೆ ಊರೂರು ಅಲೆದು ಮೂಳೆಗೆ, ವಾತಕ್ಕೆ ಔಷಧ ತಿನ್ನುವುದಾದರೂ ತಪ್ಪುತ್ತಿತ್ತೇನೋ.

ನಿಮ್ಮ ಮನೆಯಲ್ಲಿ ಯಾರದಾದರೂ ಕೈ ನೋವಿಲ್ಲದೆ ಸೊರಗುತ್ತಿದ್ದರೆ, ಹೆಬ್ಬೆರಳ ಬುಡದ ಮಾಂಸ ಇಳಿಯುತ್ತಿದ್ದರೆ, ನರರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಈ ಪರೀಕ್ಷೆ ಮಾಡುತ್ತೇವೆಂದರೆ, ತಲೆಯೊಳಗೆ ಲೋಹ, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ಫಿಟ್ಸ್ ಬಂದಿದ್ದರೆ ಮೊದಲೇ ಹೇಳಿಬಿಡಿ.